ಸರ್ಟಿಫಿಕೇಟು ಅಚ್ಚಾಯಿತು, ಕಲಿತವರು ಎಲ್ಲಿ?

(ಬೆಂಗಳೂರಿನ ಬಡಾವಣೆಯೊಂದರ ಕನ್ನಡ ಯುವಕರು ಬೇಸಿಗೆಯ ಉಚಿತ ತರಬೇತಿ ಶಿಬಿರದ ಸಿದ್ಧತೆಗೆಂದು ಸೇರಿದ್ದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ನೇರ ಅಪ್ಪನ ಪ್ರೆಸ್ಸಿಗೆ ಬಂದು ನಿಂತವನು. ಇಪ್ಪತ್ತೈದು ವರ್ಷಕ್ಕೂ ಮೇಲಾಯಿತು, ಬೇರೆಯವರ ಭಾಷಣಗಳನ್ನು ಅಚ್ಚು ಹಾಕಿದ್ದೇನೆ, ಕರಪತ್ರ ಅಚ್ಚು ಹಾಕಿದ್ದೇನೆ, ನವೆಂಬರ್ ಬಂತೆಂದರೆ ನಿಮ್ಮಂಥ ಎಷ್ಟೋ ಸಂಘಗಳ ರಾಜ್ಯೋತ್ಸವದ ಪೋಸ್ಟರ್ ಅಚ್ಚು ಹಾಕಿದ್ದೇನೆ. ಅದರಲ್ಲಿ ಅರ್ಧ ಸಂಘಗಳ ಬಾಕಿ ಇನ್ನೂ ಬಂದಿಲ್ಲ. ಇರಲಿ, ಇವತ್ತು ಆ ಮಾತು ಬೇಡ!

ಹದಿನೈದು ದಿನದ ಹಿಂದೆ ನಿಮ್ಮಲ್ಲಿ ಮೂವರು ಪ್ರೆಸ್ಸಿಗೆ ಬಂದರು. "ಅಣ್ಣ, ಬೇಸಿಗೇಲಿ ಫ್ರೀಯಾಗಿ ಡಿಟಿಪಿ, ಕನ್ನಡ ಟೈಪಿಂಗ್ ಹೇಳಿಕೊಡ್ತಾ ಇದೀವಿ. ಅರವತ್ತು ಸರ್ಟಿಫಿಕೇಟ್ ಬೇಕು. ಮಲ್ಟಿಕಲರ್. ಸುತ್ತ ಚಿನ್ನದ ಬಾರ್ಡರ್ ಇರ್ಲಿ" ಅಂದರು. ಯಾವತ್ತಿಂದ ಶುರು ಅಂದೆ. ಇನ್ನೂ ದಿನ ಗೊತ್ತಾಗಿಲ್ಲ ಅಂದರು. ಕಲಿಸೋರು ಯಾರು ಅಂದೆ. ನೋಡ್ತಾ ಇದೀವಿ ಅಂದರು. ಕಂಪ್ಯೂಟರ್ ಎಷ್ಟಿವೆ ಅಂದೆ. ಎರಡು ಅಂದರು. ಅರವತ್ತು ಜನಕ್ಕೆ ಎರಡು ಕಂಪ್ಯೂಟರ್, ಗುರು ಇಲ್ಲ, ದಿನ ಇಲ್ಲ. ಬಾರ್ಡರಿನ ಬಣ್ಣ ಮಾತ್ರ ತೀರ್ಮಾನವಾಗಿದೆ!

ನನಗೆ ನಗು ಬಂತು. ಆಮೇಲೆ ನಾಚಿಕೆಯೂ ಆಯಿತು. ಯಾಕೆಂದರೆ ದೊಡ್ಡ ದೊಡ್ಡವರು ನಡೆಸುವ ತರಬೇತಿಗಳೂ ಹೀಗೇ ಸರ್ಟಿಫಿಕೇಟಿನಿಂದ ಶುರುವಾಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡಿದ್ದೇನೆ ಮಾತ್ರವಲ್ಲ, ಒಮ್ಮೆ ನಾನೂ ಅದರಲ್ಲಿ ಕೈ ಹಾಕಿದ್ದೇನೆ. "ಮೊದಲು ನನ್ನ ಮಾತು ಕೇಳಿ, ಆಮೇಲೆ ಸರ್ಟಿಫಿಕೇಟಿನ ವಿಚಾರ" ಅಂದೆ. ಅದಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ಮೂರನೆಯ ಡಬ್ಬಿ ಯಾಕೆ?

ತರಬೇತಿ ಕೇಂದ್ರದವರು ಪ್ರೆಸ್ಸಿಗೆ ಬಂದರೆ ಎರಡು ಕೆಲಸ ಕೊಡುತ್ತಾರೆ. ಒಂದು ಸರ್ಟಿಫಿಕೇಟು. ಇನ್ನೊಂದು ಅಭಿಪ್ರಾಯ ಪತ್ರ, ಅದೇ ಫೀಡ್‌ಬ್ಯಾಕ್ ಫಾರಂ. ತರಬೇತಿ ಹೇಗಿತ್ತು? ಗುರುಗಳು ಹೇಗಿದ್ದರು? ಊಟ ಹೇಗಿತ್ತು? ಎದುರಿಗೆ ಮೂರು ಚೌಕ: ಅತ್ಯುತ್ತಮ, ಉತ್ತಮ, ಸಾಧಾರಣ. 'ಕೆಟ್ಟದಾಗಿತ್ತು' ಅನ್ನುವ ಚೌಕವನ್ನು ನಾನು ಇವತ್ತಿನವರೆಗೂ ಅಚ್ಚು ಹಾಕಿಲ್ಲ. ಒಬ್ಬ ಗಿರಾಕಿಯಂತೂ ಪ್ರೂಫ್ ನೋಡಿ, "ಸಾಧಾರಣ ಅನ್ನೋ ಮೂರನೇ ಡಬ್ಬಿ ಯಾಕೆ ಸಾರ್, ಜಾಗ ದಂಡ, ತೆಗೀರಿ" ಅಂದರು. ತೆಗೆದೆ. ದುಡ್ಡು ಕೊಡುವವರು ಹೇಳಿದಂತೆ ಅಚ್ಚು ಹಾಕುವುದು ನನ್ನ ಕಸುಬು.

ಈ ಫಾರಂ ಯಾವಾಗ ಹಂಚುತ್ತಾರೆ ಗೊತ್ತೇ? ಕೊನೆಯ ದಿನ, ಸಿಹಿ ಊಟ ಆದ ಮೇಲೆ, ಸರ್ಟಿಫಿಕೇಟು ಕೈಗೆ ಬರುವ ಮುಂಚೆ. ಫಾರಂ ಕೊಟ್ಟವರಿಗಷ್ಟೇ ಸರ್ಟಿಫಿಕೇಟು. ಹೊಟ್ಟೆ ತುಂಬಿದೆ, ಗುರುಗಳು ಎದುರಿಗೇ ಕೂತಿದ್ದಾರೆ, ಸರ್ಟಿಫಿಕೇಟು ಅವರ ಕೈಯಲ್ಲಿದೆ. ಯಾವ ಹುಡುಗ ತಾನೇ 'ಸಾಧಾರಣ' ಅಂತ ಗೀಚುತ್ತಾನೆ? ಆಮೇಲೆ ವರದಿಯಲ್ಲಿ ಬರುತ್ತದೆ: ತರಬೇತಿ ಪಡೆದವರಲ್ಲಿ ನೂರಕ್ಕೆ ತೊಂಬತ್ತಾರು ಮಂದಿಗೆ ಅತ್ಯಂತ ತೃಪ್ತಿ. ಆ ವರದಿಯನ್ನೂ ನಾವೇ ಅಚ್ಚು ಹಾಕುತ್ತೇವೆ, ಆರ್ಟ್ ಪೇಪರಿನಲ್ಲಿ.

ಒಮ್ಮೆ ಒಂದು ಕಾಲೇಜಿನವರು ವಿಚಾರ ಸಂಕಿರಣದ ಪ್ರಬಂಧಗಳ ಪುಸ್ತಕ ಮಾಡಿಸಿದರು. ಅಚ್ಚು ಹಾಕುವವನಿಗೆ ಪ್ರೂಫ್ ನೋಡುತ್ತಾ ಓದುವ ಯೋಗ ಇರುತ್ತದೆ. ಅದರಲ್ಲಿ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರೊಫೆಸರ್ ವಿಚಾರ ಇತ್ತು. ೧೯೫೯ರಲ್ಲೇ ಆತ ಬರೆದಿದ್ದಾರಂತೆ, ತರಬೇತಿ ಫಲ ಕೊಟ್ಟಿತೋ ಇಲ್ಲವೋ ಎಂದು ನೋಡುವುದಕ್ಕೆ ನಾಲ್ಕು ಮೆಟ್ಟಿಲು ಇವೆ ಅಂತ. ಬಂದವರಿಗೆ ಹಿಡಿಸಿತೇ? ಏನಾದರೂ ಕಲಿತರೇ? ಕಲಿತದ್ದನ್ನು ಕೆಲಸದ ಜಾಗದಲ್ಲಿ ಮಾಡುತ್ತಿದ್ದಾರೆಯೇ? ಅದರಿಂದ ಕೊನೆಗೆ ಏನು ಬದಲಾಯಿತು? ಇಷ್ಟೇ. ನಮ್ಮ ಅಜ್ಜಿಯೂ ಹೇಳಬಹುದಾಗಿದ್ದ ಮಾತು. ಆದರೆ ಅರವತ್ತೈದು ವರ್ಷ ದಾಟಿದರೂ ನಮ್ಮ ತರಬೇತಿಗಳಲ್ಲಿ ಹೆಚ್ಚಿನವು ಮೊದಲನೆಯ ಮೆಟ್ಟಿಲಲ್ಲೇ ಕೂತು, ಊಟ ಚೆನ್ನಾಗಿತ್ತಾ ಅಂತ ಕೇಳಿಕೊಂಡು ಎದ್ದು ಹೋಗುತ್ತಿವೆ.

ಕೆಂಪು ಗೀಟಿನ ಪರೀಕ್ಷೆ

ನಾನು ಕಲಿತ ರೀತಿ ಹೇಳುತ್ತೇನೆ. ನಾನು ಪ್ರೆಸ್ಸಿಗೆ ಬಂದಾಗ ಟ್ರೆಡಲ್ ಮೆಷಿನ್ನಿನ ಕಾಲ ಮುಗಿಯುತ್ತಾ ಬಂದಿತ್ತು, ಆದರೂ ಅಪ್ಪ ಅಚ್ಚುಮೊಳೆ ಜೋಡಿಸುವುದನ್ನು ಕಲಿಯಲೇಬೇಕು ಅಂದರು. ನಮ್ಮಲ್ಲಿದ್ದ ಹಿರಿಯ ಕಂಪೋಸಿಟರ್ ಒಬ್ಬರ ಕೈಕೆಳಗೆ ಹಾಕಿದರು. ಇಂಗ್ಲಿಷಿಗಾದರೆ ಇಪ್ಪತ್ತಾರು ಅಕ್ಷರ, ದೊಡ್ಡದು ಚಿಕ್ಕದು ಸೇರಿ ಸ್ವಲ್ಪ. ಕನ್ನಡದ ಕೇಸಿನಲ್ಲಿ ಕಾಗುಣಿತ, ಒತ್ತಕ್ಷರ, ಅರ್ಕಾವತ್ತು ಸೇರಿ ನೂರಾರು ಮನೆ. ಯಾವ ಮನೆಯಲ್ಲಿ ಯಾವ ಮೊಳೆ ಅಂತ ಕೈಗೆ ಗೊತ್ತಿರಬೇಕು, ಕಣ್ಣು ಮಾತ್ರ ಮ್ಯಾಟರಿನ ಮೇಲೆ.

ಅವರು ನನಗೆ ಯಾವ ಸರ್ಟಿಫಿಕೇಟೂ ಕೊಡಲಿಲ್ಲ. ದಿನಾ ಸಂಜೆ ನಾನು ಜೋಡಿಸಿದ್ದರ ಗ್ಯಾಲಿ ಪ್ರೂಫ್ ತೆಗೆದು, ಕೆಂಪು ಪೆನ್ಸಿಲಿನಲ್ಲಿ ತಪ್ಪಿಗೊಂದು ಗೀಟು ಎಳೆದು, ಅದನ್ನು ಗೋಡೆಯ ಮೊಳೆಗೆ ಚುಚ್ಚುತ್ತಿದ್ದರು. ಮೊದಲನೆಯ ವಾರ ಹಾಳೆ ಪೂರಾ ಕೆಂಪು. ಮೂರನೆಯ ತಿಂಗಳಿಗೆ ಪುಟಕ್ಕೆ ನಾಲ್ಕೋ ಐದೋ. ಎಲ್ಲ ಹಾಳೆಗಳೂ ಅಲ್ಲೇ ನೇತಾಡುತ್ತಿದ್ದವು, ಯಾರು ಬೇಕಾದರೂ ಬಂದು ನೋಡಬಹುದಿತ್ತು. "ಕಲ್ತಿದೀಯ ಅಂತ ನಾನ್ ಹೇಳಲ್ಲ ಕಣಪ್ಪ, ಗೋಡೆ ಹೇಳುತ್ತೆ" ಅನ್ನುತ್ತಿದ್ದರು. ಮೊದಲ ದಿನ ಎಷ್ಟು ಬರುತ್ತಿತ್ತು, ಇವತ್ತು ಎಷ್ಟು ಬರುತ್ತದೆ ಎಂಬ ಲೆಕ್ಕ ಆ ಗೋಡೆಯ ಮೇಲಿತ್ತು. ಈಗಿನ ಎಷ್ಟೋ ತರಬೇತಿಗಳಲ್ಲಿ ಮೊದಲ ದಿನದ ಪರೀಕ್ಷೆಯೇ ಇರುವುದಿಲ್ಲ. ಕೊನೆಯ ದಿನ ಎಂಬತ್ತು ಅಂಕ ಬಂತು ಅನ್ನುತ್ತಾರೆ. ಆ ಹುಡುಗನಿಗೆ ಬರುವಾಗಲೇ ಎಪ್ಪತ್ತೈದು ಅಂಕದಷ್ಟು ಗೊತ್ತಿದ್ದರೆ? ತರಬೇತಿ ಕೊಟ್ಟದ್ದು ಐದು ಅಂಕ ತಾನೇ!

ಇನ್ನು ಪರೀಕ್ಷೆಯ ಭಾಷೆ. ನಮ್ಮ ಪ್ರೆಸ್ಸಿನಲ್ಲಿ ಹೆಲ್ಪರ್ ಆಗಿದ್ದ ಹುಡುಗನೊಬ್ಬ ಎರಡು ವರ್ಷದಲ್ಲಿ ಆಫ್‌ಸೆಟ್ ಮೆಷಿನ್ ಚೆನ್ನಾಗಿ ಹಿಡಿದುಕೊಂಡಿದ್ದ. ನಾಲ್ಕು ಬಣ್ಣ ಒಂದರ ಮೇಲೊಂದು ಕೂರುವ ಹಾಗೆ ರಿಜಿಸ್ಟರ್ ಹೊಂದಿಸುತ್ತಿದ್ದ. ಎಲ್ಲೋ ಸಂಜೆ ತರಗತಿಗೆ ಸೇರಿ ಪರೀಕ್ಷೆಗೆ ಕೂತ. ಪ್ರಶ್ನೆಗಳೆಲ್ಲ ಇಂಗ್ಲಿಷು. ಫೇಲಾದ. ಪ್ರಶ್ನೆ ಏನಿತ್ತೋ ಅಂದೆ. ನೆನಪಿನಿಂದ ಒಂದೆರಡು ಹೇಳಿದ. ಅದೇ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳಿದೆ, ಪಟಪಟ ಉತ್ತರ ಹೇಳಿದ. ಆ ಪರೀಕ್ಷೆ ಅವನ ಮೆಷಿನ್ ಕೆಲಸವನ್ನು ಅಳೆಯಲಿಲ್ಲ, ಅವನ ಇಂಗ್ಲಿಷನ್ನು ಅಳೆಯಿತು. ಹಾಗಂತ ಪ್ರಶ್ನೆಯನ್ನು ಕನ್ನಡಕ್ಕೆ ತಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ ಅಂತ ಹಾರಾಡಬೇಡಿ. ಬ್ಲಾಂಕೆಟ್, ಗ್ರಿಪ್ಪರ್ ಅನ್ನುವ ಮಾತುಗಳಿಗೆ ಯಾರೂ ಆಡದ ಸಂಸ್ಕೃತ ಪದ ಹುಡುಕಿ ಹಾಕಿದ ಪ್ರಶ್ನೆಪತ್ರಿಕೆಯನ್ನೂ ನೋಡಿದ್ದೇನೆ. ಅದಕ್ಕಿಂತ ಇಂಗ್ಲಿಷೇ ವಾಸಿ ಅನ್ನಿಸಿತ್ತು! ಮೆಷಿನ್ ಮುಂದೆ ನಿಲ್ಲಿಸಿ, ಕೆಲಸದವರು ಆಡುವ ಕನ್ನಡದಲ್ಲೇ ಕೇಳಬೇಕು. 'ಮಾಡಿ ತೋರಿಸು' ಅನ್ನಬೇಕು.

ಅರವತ್ತು ಹಾಳೆಯೋ, ಹತ್ತು ಹಾಳೆಯೋ?

ಈಗ ಸ್ವಲ್ಪ ಲೆಕ್ಕ. ಪ್ರೆಸ್ಸಿನ ಲೆಕ್ಕ, ಗಮನ ಕೊಟ್ಟು ಕೇಳಿ.

ಆಫ್‌ಸೆಟ್‌ನಲ್ಲಿ ಒಂದು ಕೆಲಸ ಶುರು ಮಾಡಿದ ಕೂಡಲೇ ಒಳ್ಳೆ ಹಾಳೆ ಬರುವುದಿಲ್ಲ. ನೀರು, ಇಂಕು, ರಿಜಿಸ್ಟರ್ ಹೊಂದುವವರೆಗೆ ಹಾಳೆ ಹಾಳಾಗುತ್ತಾ ಹೋಗುತ್ತದೆ. ಕಾಗದದ ಬೆಲೆ ನಿಮಗೇ ಗೊತ್ತು. ನನ್ನಲ್ಲಿ ಇಬ್ಬರು ಮೆಷಿನ್‌ಮನ್‌ಗಳಿದ್ದರು. ಇಬ್ಬರಿಗೂ ಒಂದೊಂದು ಕೆಲಸಕ್ಕೆ ಸುಮಾರು ನೂರೈವತ್ತು ಹಾಳೆ ವೇಸ್ಟು. ಹಿರಿಯವನನ್ನು ಮೂರು ದಿನದ ತರಬೇತಿಗೆ ಕಳಿಸಿದೆ. ವಾಪಸ್ ಬಂದ ಮೇಲಿನ ತಿಂಗಳು ಅವನ ವೇಸ್ಟು ತೊಂಬತ್ತಕ್ಕೆ ಇಳಿಯಿತು. ಕೆಲಸಕ್ಕೆ ಅರವತ್ತು ಹಾಳೆ ಉಳಿತಾಯ! ಖುಷಿಯಾಗಿ ಅವನಿಗೆ ಮೈಸೂರುಪಾಕ್ ಕೊಡಿಸಿದೆ.

ಆಮೇಲೆ ನನ್ನ ಹೆಂಡತಿ, ನಮ್ಮ ಲೆಕ್ಕ ಬರೆಯುವವಳು ಅವಳೇ, ಪುಸ್ತಕ ತೆಗೆದು ತೋರಿಸಿದಳು. ತರಬೇತಿಗೆ ಹೋಗದ ಕಿರಿಯವನದೂ ನೂರಕ್ಕೆ ಇಳಿದಿದೆ! ಅದು ಹೇಗೆ? ಯೋಚನೆ ಮಾಡಿದರೆ, ಅದೇ ತಿಂಗಳು ನಾನು ಎರಡೂ ಮೆಷಿನ್ನಿಗೆ ಹೊಸ ಬ್ಲಾಂಕೆಟ್ ಹಾಕಿಸಿದ್ದೆ, ಅಗ್ಗದ ಕಾಗದ ತರುವುದನ್ನು ನಿಲ್ಲಿಸಿದ್ದೆ. ಐವತ್ತು ಹಾಳೆ ಉಳಿದದ್ದು ಬ್ಲಾಂಕೆಟ್ಟಿನಿಂದ, ಕಾಗದದಿಂದ. ತರಬೇತಿಯಿಂದ ಉಳಿದದ್ದು ಹತ್ತು. ಹಿರಿಯವನೊಬ್ಬನನ್ನೇ ನೋಡಿದ್ದರೆ ನಾನು ಇವತ್ತಿಗೂ ಅರವತ್ತು ಅಂತಲೇ ಹೇಳಿಕೊಂಡು ತಿರುಗುತ್ತಿದ್ದೆ. ಹೋಗದವನ ಲೆಕ್ಕ ಇದ್ದದ್ದರಿಂದ ಸತ್ಯ ಸಿಕ್ಕಿತು.

ಹಿರಿಯವನು ಕಿರಿಯವನಿಗೆ ಹೇಳಿಕೊಟ್ಟಿರಬಹುದಲ್ಲ ಅಂತ ನಿಮ್ಮಲ್ಲಿ ಯಾರಾದರೂ ಕೇಳಬಹುದು. ನಾನೂ ಕೇಳಿದೆ. "ನಾನ್ಯಾಕಣ್ಣ ಅವನಿಗೆ ಹೇಳಿಕೊಡ್ಲಿ?" ಅಂದ!

ಹತ್ತು ಹಾಳೆ ಕಡಿಮೆ ಅಂದುಕೊಳ್ಳಬೇಡಿ. ತಿಂಗಳಿಗೆ ಅರವತ್ತು ಕೆಲಸ ಅಂದರೆ ಆರುನೂರು ಹಾಳೆ. ವರ್ಷದಲ್ಲಿ ತರಬೇತಿಯ ಖರ್ಚು ಹುಟ್ಟಿಯೂ ಮೇಲೆ ಉಳಿಯಿತು. ತರಬೇತಿ ದಂಡ ಅಂತ ನಾನು ಹೇಳುತ್ತಿಲ್ಲ. ಎಷ್ಟು ಅಂತ ಸರಿಯಾಗಿ ಗೊತ್ತಿರಬೇಕು ಅನ್ನುತ್ತಿದ್ದೇನೆ.

ಇದರಲ್ಲಿ ನನ್ನ ತಪ್ಪೂ ಒಂದಿದೆ. ಆ ಹಿರಿಯವನು ಬಂದವನೇ, "ಅಣ್ಣ, ಫೌಂಟನ್ ನೀರನ್ನ ಪಿಎಚ್ ಪೇಪರಲ್ಲಿ ನೋಡ್ಕೋಬೇಕಂತೆ, ನಾಲ್ಕೂವರೆ ಐದೂವರೆ ಒಳಗೆ ಇರ್ಬೇಕಂತೆ" ಅಂದ. ಇಷ್ಟು ವರ್ಷ ನಲ್ಲಿ ನೀರು ಹಾಕಿ ಓಡಿಸಿಲ್ವೇನೋ ಅಂತ ನಕ್ಕೆ. ಆ ಪೇಪರ್ ತರಿಸಿಕೊಡಲಿಲ್ಲ. ಅವನು ಕಲಿತುಬಂದದ್ದರಲ್ಲಿ ಅರ್ಧ ನನ್ನ ನಗುವಿನಲ್ಲೇ ಸತ್ತುಹೋಯಿತು. ಆರು ತಿಂಗಳಾದ ಮೇಲೆ ಬುದ್ಧಿ ಬಂದು ತರಿಸಿದೆ. ಕಲಿತವನು ಮಾಡುತ್ತಿಲ್ಲ ಅಂದರೆ ಕಲಿಸಿದವರ ತಪ್ಪು ಅಂತಲೇ ತಿಳಿಯಬಾರದು. ಅವನಿಗೆ ಮಾಡಲು ಬಿಟ್ಟವರು ಯಾರು, ಬಿಡದವರು ಯಾರು ಅಂತಲೂ ನೋಡಬೇಕು.

ಇದು ಪ್ರೆಸ್ಸಿನ ಮಾತಾಯಿತು. ಇದನ್ನೇ ದೊಡ್ಡದಾಗಿ ಮಾಡಿದವರಿದ್ದಾರೆ. ೨೦೧೦ರಲ್ಲಿ ದೆಹಲಿಯ ಶಾಹದರಾ ಕಡೆಯ ಬಡ ಕಾಲೊನಿಗಳಲ್ಲಿ ಹೆಂಗಸರಿಗೆ ಆರು ತಿಂಗಳ ಹೊಲಿಗೆ ತರಬೇತಿ ನಡೆಯಿತು. ಅರ್ಜಿ ಹಾಕಿದವರಲ್ಲಿ ಮೂವರಲ್ಲಿ ಇಬ್ಬರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಸೇರಿಸಿಕೊಂಡರು. ಆಮೇಲೆ ಪುಷ್ಕರ್ ಮೈತ್ರ, ಸುಭಾ ಮಣಿ ಎಂಬ ಅರ್ಥಶಾಸ್ತ್ರಜ್ಞರು ಸೇರಿದವರನ್ನೂ ಚೀಟಿ ಬಾರದವರನ್ನೂ ಹುಡುಕಿಕೊಂಡು ಹೋಗಿ ಕೇಳಿದರು. ಆರು ತಿಂಗಳ ಮೇಲೆ ಕೇಳಿದರು, ಒಂದೂವರೆ ವರ್ಷದ ಮೇಲೆ ಮತ್ತೆ ಕೇಳಿದರು. ಚೀಟಿ ಬಂದವರಲ್ಲಿ ಹೆಚ್ಚು ಮಂದಿ ದುಡಿಯುತ್ತಿದ್ದರು, ಹೆಚ್ಚು ಗಳಿಸುತ್ತಿದ್ದರು. ಎಲ್ಲರೂ ಒಂದೇ ಬಗೆಯ ಆಸೆಯಿಂದ ಅರ್ಜಿ ಹಾಕಿದ್ದವರಾದ್ದರಿಂದ, ಇದು ಹೊಲಿಗೆ ಕಲಿತದ್ದರ ಫಲವೇ ಅಂತ ಧೈರ್ಯವಾಗಿ ಹೇಳಬಹುದಿತ್ತು. ಮಧ್ಯದಲ್ಲಿ ಬಿಟ್ಟವರನ್ನೂ ಅವರು ಮರೆಯಲಿಲ್ಲ. ಕೇಂದ್ರ ದೂರ, ಕೈಯಲ್ಲಿ ಕಾಸಿಲ್ಲ, ಮಗುವನ್ನು ನೋಡಿಕೊಳ್ಳುವವರಿಲ್ಲ, ಇಂಥವೇ ಅಡ್ಡಿಗಳು ಅಂತ ಗೊತ್ತಾಯಿತು. ನಮ್ಮಲ್ಲಿ ಬಿಟ್ಟುಹೋದವರನ್ನು 'ಆಸಕ್ತಿ ಇಲ್ಲ' ಅಂತ ಒಂದೇ ಮಾತಿನಲ್ಲಿ ಹೊಡೆದುಹಾಕುತ್ತಾರೆ.

ನನ್ನ ಸಹಿ

ಈಗ ಹೇಳಬೇಕೆಂದಿದ್ದ ಕಥೆ. ಹೇಳಲು ಕಷ್ಟ, ಆದರೂ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ತರಬೇತಿ ಕೇಂದ್ರದವರು ಬಂದರು. ಹಳೆಯ ಗಿರಾಕಿ, ಪ್ರತಿ ಬ್ಯಾಚಿನ ಸರ್ಟಿಫಿಕೇಟು ನನ್ನಲ್ಲೇ. "ಸಾರ್, ಒಂದು ಸಣ್ಣ ಫಾರ್ಮಾಲಿಟಿ. ನಿಮ್ಮ ಪ್ರೆಸ್ಸಿನ ಲೆಟರ್‌ಹೆಡ್ಡಲ್ಲಿ ಆರು ಹುಡುಗರಿಗೆ ಕೆಲಸ ಕೊಟ್ಟಿದೀವಿ ಅಂತ ಲೆಟರ್ ಬೇಕು. ಯಾರೂ ಬರಲ್ಲ, ಫೈಲಿಗೆ ಅಷ್ಟೆ" ಅಂದರು. ಯಾವ ಯೋಜನೆ, ಯಾರ ದುಡ್ಡು, ನಾನು ಕೇಳಲಿಲ್ಲ. ಗಿರಾಕಿ ಕೈ ತಪ್ಪಬಾರದು ಅನ್ನುವ ಆಸೆ. ಆರು ಲೆಟರ್ ಟೈಪ್ ಮಾಡಿಸಿ, ಸಹಿ ಹಾಕಿ, ಸೀಲ್ ಒತ್ತಿ ಕೊಟ್ಟೆ. ನನ್ನ ಪ್ರೆಸ್ಸಿನಲ್ಲಿ ಆಗ ಇದ್ದದ್ದೇ ಐದು ಜನ!

ಎರಡು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಷಟರ್ ಎತ್ತುವ ಹೊತ್ತಿಗೆ ಒಬ್ಬ ಹುಡುಗ ನಿಂತಿದ್ದಾನೆ. ಮಾಗಡಿ ಕಡೆಯವನು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಸರ್ಟಿಫಿಕೇಟು. ಅದರ ಹಿಂದೆ ನನ್ನ ಲೆಟರಿನ ಜೆರಾಕ್ಸು. ಅವನಿಗೆ ಅದು ಹೇಗೆ ಸಿಕ್ಕಿತೋ, ಕೇಂದ್ರದ ಗುಮಾಸ್ತರ ಮೇಜಿನಿಂದಲೋ ಏನೋ. "ಕೆಲಸಕ್ಕೆ ಸೇರಕ್ಕೆ ಬಂದಿದೀನಿ ಅಣ್ಣ" ಅಂದ. ಕೆಲಸ ಖಾಲಿ ಇಲ್ಲಪ್ಪ ಅಂದೆ. ಅವನು ಲೆಟರ್ ಬಿಚ್ಚಿ ತೋರಿಸಿ ಕೇಳಿದ: "ಇದು ನಿಮ್ ಸೈನೇ ಅಲ್ವಾ ಅಣ್ಣ?"

ನಾನು ಏನು ಹೇಳಲಿ? ಅವನು ಜಗಳ ಆಡಲಿಲ್ಲ. ಆಡಿದ್ದರೆ ಚೆನ್ನಾಗಿರುತ್ತಿತ್ತು. ಸರ್ಟಿಫಿಕೇಟು ನೋಡಿದೆ, ನಮ್ಮಲ್ಲೇ ಅಚ್ಚಾದದ್ದು. ಮೆಷಿನ್ ಹತ್ತಿರ ಕರೆದುಕೊಂಡು ಹೋಗಿ, ಪ್ಲೇಟ್ ಕಟ್ಟಲು ಬರುತ್ತಾ ಅಂದೆ. "ಕ್ಲಾಸಲ್ಲಿ ಫೋಟೋ ತೋರ್ಸಿದ್ರು" ಅಂದ. ಮೂರು ತಿಂಗಳ ತರಬೇತಿಯಲ್ಲಿ ಮೆಷಿನ್ ಓಡುವುದನ್ನೇ ನೋಡಿರಲಿಲ್ಲ. ಟೀ ಕುಡಿಸಿ, ಬಸ್ಸಿನ ದುಡ್ಡು ಕೊಟ್ಟು ಕಳಿಸಿದೆ. ಹೆಲ್ಪರ್ ಆಗಿ ಇಟ್ಟುಕೊಳ್ಳಬಹುದಿತ್ತು ಅಂತ ಆಮೇಲೆ ಅನ್ನಿಸಿತು. ಆಗ ಅನ್ನಿಸಲಿಲ್ಲ, ಅವನು ಬೇಗ ಕಣ್ಣಮುಂದಿನಿಂದ ಹೋದರೆ ಸಾಕು ಅನ್ನಿಸಿತ್ತು. ಅವನು ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಆದರೆ ಯಾವುದೋ ಕಡತದಲ್ಲಿ ಅವನು ಇವತ್ತಿಗೂ ನನ್ನ ಪ್ರೆಸ್ಸಿನ ನೌಕರ. ತರಬೇತಿ ಸಫಲ!

ಕಾಗದ ಕೇಳಿದರೆ ಕಾಗದವೇ ಸಿಗುತ್ತದೆ

ಇಂಥ ಕಾಗದ ಯಾಕೆ ಬೇಕಾಗುತ್ತದೆ? ದುಡ್ಡು ಬರುವ ದಾರಿ ನೋಡಿ. ೨೦೧೫ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರು ಮಾಡಿತು. ಮರುವರ್ಷವೇ ೧೨,೦೦೦ ಕೋಟಿ ರೂಪಾಯಿಯ ಎರಡನೆಯ ಹಂತ, ನಾಲ್ಕು ವರ್ಷದಲ್ಲಿ ಒಂದು ಕೋಟಿ ಯುವಕರಿಗೆ ತರಬೇತಿ ಎಂಬ ಗುರಿ. ಆ ಹಂತದಲ್ಲಿ ತರಬೇತಿ ಕೇಂದ್ರಕ್ಕೆ ಹಣ ಮೂರು ಕಂತಿನಲ್ಲಿ ಬರುತ್ತಿತ್ತು. ಬ್ಯಾಚು ಶುರುವಾದಾಗ ನೂರಕ್ಕೆ ೩೦, ಹುಡುಗರು ಪಾಸಾದಾಗ ೫೦, ಕೆಲಸ ಸಿಕ್ಕಿದ್ದಕ್ಕೆ ಪುರಾವೆ ಕೊಟ್ಟಾಗ ಕೊನೆಯ ೨೦. ಅಂದರೆ ಹುಡುಗನಿಗೆ ಕೆಲಸ ಸಿಗಲಿ ಬಿಡಲಿ, ಪಾಸು ಮಾಡಿಸಿದರೆ ಎಂಬತ್ತು ಬಂತು. ಮಿಕ್ಕ ಇಪ್ಪತ್ತಕ್ಕೆ ಕಾಗದ ಬೇಕು. ಕಾಗದಕ್ಕೆ ನನ್ನಂಥವರು ಇರುವುದೇ ಇದ್ದೇವೆ.

೨೦೧೬ರಲ್ಲಿ ಇದೇ ಸರ್ಕಾರ ಶಾರದಾ ಪ್ರಸಾದ್ ಎಂಬ ಹಿರಿಯ ಅಧಿಕಾರಿಯ ಸಮಿತಿ ಮಾಡಿತು. ಆ ಸಮಿತಿ ಎತ್ತಿದ ದೊಡ್ಡ ಆಕ್ಷೇಪ ಏನು ಗೊತ್ತೇ? ಮೊದಲ ಹಂತದಿಂದ ಹುಡುಗರಿಗೆ ಕೆಲಸ ಸಿಕ್ಕಿತೇ, ಕಾರ್ಖಾನೆಗಳಿಗೆ ಬೇಕಾದ ಜನ ಸಿಕ್ಕರೇ ಎಂದು ನೋಡದೆಯೇ ಇಷ್ಟು ದೊಡ್ಡ ಎರಡನೆಯ ಹಂತಕ್ಕೆ ಕೈ ಹಾಕಿದಿರಿ ಎಂಬುದು. ಮೊದಲ ಪ್ರೂಫೇ ನೋಡದೆ ಲಕ್ಷ ಪ್ರತಿ ಅಚ್ಚು ಹಾಕಿದ ಹಾಗೆ! ನನ್ನ ಪ್ರೆಸ್ಸಿನಲ್ಲಿ ಯಾವನಾದರೂ ಹಾಗೆ ಮಾಡಿದರೆ ಅವತ್ತೇ ಮನೆಗೆ.

ಮೊದಲ ಮೂರು ಹಂತಗಳಲ್ಲಿ, ಅಂದರೆ ೨೦೨೨ರವರೆಗೆ, ಅಲ್ಪಾವಧಿ ತರಬೇತಿಯಲ್ಲಿ ಪಾಸಾದವರಲ್ಲಿ ಕೆಲಸ ಸಿಕ್ಕಿದೆ ಅಂತ ಸರ್ಕಾರವೇ ಹೇಳಿದ್ದು ನೂರಕ್ಕೆ ೪೩ರ ಆಸುಪಾಸು. ನನ್ನ ಲೆಟರಿನಂಥವು ಅದರಲ್ಲಿ ಎಷ್ಟೋ! ನಾಲ್ಕನೆಯ ಹಂತದಲ್ಲಿ ಆ ಹಳೆಯ ರೀತಿಯ ಲೆಕ್ಕವನ್ನೇ ಕೈಬಿಟ್ಟರು. ಹುಡುಗರು ತಮಗೆ ಬೇಕಾದ ದಾರಿ ಆರಿಸಿಕೊಳ್ಳಲಿ ಎಂಬುದು ಕೊಟ್ಟ ಕಾರಣ. ತಕ್ಕಡಿ ತೂಕ ಕಡಿಮೆ ತೋರಿಸಿದರೆ ತಕ್ಕಡಿಯನ್ನೇ ಅಟ್ಟಕ್ಕೆ ಹಾಕುವುದು ಇದಕ್ಕೇ ಅನ್ನೋದು. ೨೦೨೫ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬಂದ ಸಿಎಜಿ ವರದಿಯಲ್ಲಿ, ಸುಮಾರು ೯೬ ಲಕ್ಷ ಮಂದಿಯ ದಾಖಲೆಯಲ್ಲಿ ನೂರಕ್ಕೆ ೯೪ಕ್ಕೂ ಹೆಚ್ಚು ಜನರ ಬ್ಯಾಂಕ್ ಖಾತೆಯ ಜಾಗದಲ್ಲಿ ಸೊನ್ನೆಯೋ ಖಾಲಿಯೋ ಇತ್ತು ಅಂತ ಬಂತು. ಒಂದೇ ಫೋಟೋವನ್ನು ಹಲವು ಕಡೆ ಬಳಸಿದ್ದೂ ಸಿಕ್ಕಿತು. ಖಾತೆ ಸಂಖ್ಯೆಯೇ ಇಲ್ಲದ ಮೇಲೆ ಆ ಹುಡುಗ ಇದ್ದನೋ ಇಲ್ಲವೋ ಅಂತ ಪತ್ತೆ ಹಚ್ಚುವುದು ಹೇಗೆ?

ಎಲ್ಲವೂ ಹೀಗೇ ಅಂತಲ್ಲ. ನಮ್ಮದೇ ನಾಡಿನ ಉಜಿರೆಗೆ ಹೋಗಿ ನೋಡಿ. ೧೯೮೨ರಲ್ಲಿ ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಅಲ್ಲಿ ರುಡ್‌ಸೆಟಿ ಅನ್ನುವ ಸಂಸ್ಥೆ ಮಾಡಿದರು. ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾದಲ್ಲಿ ಸೇರಿಹೋಯಿತು, ಆ ನೋವು ಬೇರೆ. ಹಳ್ಳಿಯ ಹುಡುಗರಿಗೆ ಉಚಿತ ಊಟ ವಸತಿ ಕೊಟ್ಟು, ಕೆಲವು ವಾರಗಳಲ್ಲಿ ಒಂದು ಕಸುಬು ಹೇಳಿಕೊಡುತ್ತಾರೆ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ಅವರ ಹೆಚ್ಚುಗಾರಿಕೆ ಇರುವುದು ಆಮೇಲಿನ ಎರಡು ವರ್ಷದಲ್ಲಿ. ಹುಡುಗ ಅಂಗಡಿ ಹಾಕಿದನೇ, ಬ್ಯಾಂಕು ಸಾಲ ಕೊಟ್ಟಿತೇ, ಇಲ್ಲವಾದರೆ ಎಲ್ಲಿ ತಡೆಯಾಯಿತು ಅಂತ ಬೆನ್ನು ಹತ್ತುತ್ತಾರೆ. ಎಷ್ಟು ಜನಕ್ಕೆ ತರಬೇತಿ ಕೊಟ್ಟೆವು ಅನ್ನುವುದರ ಜೊತೆಗೆ ಎಷ್ಟು ಜನ ನೆಲೆ ನಿಂತರು ಅಂತ ಬೇರೆ ಲೆಕ್ಕ ಇಡುತ್ತಾರೆ. ಇದನ್ನು ನೋಡಿಯೇ ೨೦೦೯ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಇಲಾಖೆ ಜಿಲ್ಲೆಗೊಂದು ಇಂಥ ಸಂಸ್ಥೆ ಇರಲಿ ಅಂತ ಬ್ಯಾಂಕುಗಳಿಗೆ ವಹಿಸಿತು. ದೇಶಕ್ಕೆ ದಾರಿ ತೋರಿಸಿದ್ದು ದಕ್ಷಿಣ ಕನ್ನಡದ ಒಂದು ಹಳ್ಳಿ. ನೀವು ಮಾತ್ರ ಉದಾಹರಣೆ ಬೇಕೆಂದರೆ ಅಮೆರಿಕ ಹುಡುಕುತ್ತೀರಿ. ನಾನೂ ಈಗ ತಾನೇ ಹುಡುಕಿದೆ ಅನ್ನಿ!

ನಮ್ಮ ಮನೆಯ ಕಸ

ಸರ್ಕಾರವನ್ನು ಬೈದರೆ ಚಪ್ಪಾಳೆ ಬೀಳುತ್ತದೆ, ಗೊತ್ತು. ನಮ್ಮ ಕನ್ನಡ ಸಂಘಗಳದು ಏನು? ಹಿಂದೆ ಇದೇ ಸುತ್ತಿನ ಒಂದು ಸಂಘ ಕನ್ನಡ ಕಂಪ್ಯೂಟರ್ ತರಬೇತಿ ಮಾಡಿತು. ನಲವತ್ತು ಜನ. ಶಾಲು, ಹಾರ, ನಾಡಗೀತೆ, ಪತ್ರಿಕೆಯಲ್ಲಿ ಫೋಟೋ. ಸರ್ಟಿಫಿಕೇಟು ನಾನೇ ಅಚ್ಚು ಹಾಕಿದ್ದು. ಆಮೇಲೆ ಡಿಟಿಪಿಗೆ ಒಬ್ಬರು ಬೇಕಾಗಿ, ಆ ಪಟ್ಟಿ ಹಿಡಿದುಕೊಂಡು ಹನ್ನೊಂದು ಜನಕ್ಕೆ ಫೋನ್ ಮಾಡಿದೆ. ನಾಲ್ವರ ನಂಬರ್ ಇಲ್ಲ. ಮೂವರಿಗೆ ಕೀಲಿಮಣೆಯೇ ಮರೆತುಹೋಗಿದೆ. ಇಬ್ಬರು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಇಬ್ಬರಿಗೆ ಟೈಪಿಂಗ್ ಬರುತ್ತಿತ್ತು, ಆದರೆ ಅವರು ಕಲಿತದ್ದು ಹಳೆಯ ಫಾಂಟಿನಲ್ಲಿ ಮಾತ್ರ. ಯೂನಿಕೋಡ್ ಅಂದರೆ ಏನಣ್ಣ ಅಂದರು. ಅವರು ಟೈಪ್ ಮಾಡಿದ್ದನ್ನು ಫೋನಿಗೆ ಕಳಿಸಿದರೆ ಹುಳ ಹರಿದಾಡಿದ ಹಾಗೆ ಕಾಣುತ್ತದೆ! ಕಲಿಸಿದವರು ಪಾಪ ಪ್ರಾಮಾಣಿಕರೇ, ತಮಗೆ ಗೊತ್ತಿದ್ದದ್ದನ್ನು ಕಲಿಸಿದ್ದರು. ಕೆಲಸ ಕೊಡುವ ನಮ್ಮಂಥವರನ್ನು ಏನು ಬೇಕಪ್ಪಾ ನಿಮಗೆ ಅಂತ ಕೇಳಲಿಲ್ಲ ಅಷ್ಟೆ. ಕೇಳಿದ್ದರೆ ಎರಡನ್ನೂ ಕಲಿಸಿ ಅನ್ನುತ್ತಿದ್ದೆ.

ಹನ್ನೊಂದರಲ್ಲಿ ಸೊನ್ನೆ. ಆ ತರಬೇತಿ 'ಯಶಸ್ವಿಯಾಗಿ ಜರುಗಿತು' ಅಂತ ಸಂಘದ ಸ್ಮರಣ ಸಂಚಿಕೆಯಲ್ಲಿದೆ. ಅದನ್ನು ಅಚ್ಚು ಹಾಕಿದ್ದೂ ನಾನೇ!

ಈಗ ನಿಮ್ಮ ಶಿಬಿರಕ್ಕೆ ಬರೋಣ. ಅರವತ್ತು ಬೇಡ. ಇಪ್ಪತ್ತು ಸಾಕು. ಕಂಪ್ಯೂಟರ್ ಹತ್ತಾ‌ದರೂ ಹೊಂದಿಸಿ, ನನ್ನ ಪ್ರೆಸ್ಸಿನ ಎರಡನ್ನು ಸಂಜೆ ಆರರ ಮೇಲೆ ಬಿಟ್ಟುಕೊಡುತ್ತೇನೆ. ಅರ್ಜಿ ಹೆಚ್ಚು ಬಂದರೆ ಪುಢಾರಿಗಳ ಶಿಫಾರಸು ನೋಡದೆ ಎಲ್ಲರ ಮುಂದೆ ಚೀಟಿ ಎತ್ತಿ. ಚೀಟಿ ಬಾರದವರನ್ನು ಮುಂದಿನ ಬ್ಯಾಚಿಗೆ ಬರೆದುಕೊಳ್ಳಿ, ಅವರ ನಂಬರೂ ಇರಲಿ, ಆರು ತಿಂಗಳಾದ ಮೇಲೆ ಅವರನ್ನೂ ಕೇಳಬೇಕು. ಮೊದಲ ದಿನ ದೀಪ ಬೆಳಗುವುದಕ್ಕೆ ಮುಂಚೆ ಒಂದು ಕೆಲಸ ಮಾಡಿ. ಎಲ್ಲರಿಗೂ ಒಂದೇ ಪುಟದ ಮ್ಯಾಟರ್ ಕೊಟ್ಟು ಹತ್ತು ನಿಮಿಷ ಟೈಪ್ ಮಾಡಿಸಿ. ಒಂದಕ್ಷರವೂ ಬಾರದಿದ್ದರೆ ಸೊನ್ನೆ ಅಂತ ಬರೆಯಿರಿ, ಅವಮಾನವೇನಿಲ್ಲ. ಕೊನೆಯ ದಿನ ಅಷ್ಟೇ ಕಷ್ಟದ ಬೇರೆ ಪುಟ. ಒತ್ತಕ್ಷರದ ತಪ್ಪೆಷ್ಟು, ಅಕಾರ ಹಕಾರದ ತಪ್ಪೆಷ್ಟು, ಎಣಿಸಿ. ಕೆಂಪು ಪೆನ್ಸಿಲ್ ನಾನು ಕೊಡುತ್ತೇನೆ.

ಮೂರು ತಿಂಗಳಿಗೊಮ್ಮೆ, ಆರು ತಿಂಗಳಿಗೊಮ್ಮೆ ಫೋನ್ ಮಾಡಿ. ಕಲಿಸಿದ ಗುರುಗಳು ಮಾಡಬೇಡಿ, ಹುಡುಗರು ದಾಕ್ಷಿಣ್ಯಕ್ಕೆ ಬೀಳುತ್ತಾರೆ, ಬೇರೆಯವರು ಮಾಡಿ. ಈಗ ಟೈಪ್ ಮಾಡ್ತಾ ಇದೀಯಾ? ಎಲ್ಲಿ? ಎಷ್ಟು ಬರುತ್ತೆ ಕೈಗೆ? ಅಲ್ಲಿಗೆ ಹೋಗಿ ಒಮ್ಮೆ ನೋಡಿಬನ್ನಿ, ಸಾಯಂಕಾಲ ಪಾರ್ಕಿನಲ್ಲಿ ಕೂರುವ ಬದಲು. ಮಧ್ಯದಲ್ಲಿ ಬಿಟ್ಟವರ ಮನೆಗೂ ಹೋಗಿ. ಬಸ್ಸಿಲ್ಲವೋ, ಅಪ್ಪ ಬಿಡಲಿಲ್ಲವೋ, ನಿಮ್ಮ ಪಾಠವೇ ತಲೆಗೆ ಹೋಗಲಿಲ್ಲವೋ ಕೇಳಿ. ಬೈದರೆ ಬೈಸಿಕೊಳ್ಳಿ, ಬರೆದುಕೊಳ್ಳಿ. ಇಷ್ಟಕ್ಕೆ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಬೈಂಡ್ ಮಾಡಿಸಿ ತಂದಿದ್ದೇನೆ, ಇಗೋ.

ಸರ್ಟಿಫಿಕೇಟಿನ ಪ್ರೂಫೂ ತಂದಿದ್ದೇನೆ. ಚಿನ್ನದ ಬಾರ್ಡರ್ ಇದೆ, ಅದಕ್ಕೆ ಬೇಜಾರಾಗಬೇಡಿ. 'ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿರುತ್ತಾರೆ' ಅನ್ನುವ ಸಾಲು ತೆಗೆದಿದ್ದೇನೆ. ಅದರ ಬದಲು, 'ಮೊದಲ ದಿನ ನಿಮಿಷಕ್ಕೆ ಇಷ್ಟು ಪದ, ಕೊನೆಯ ದಿನ ನಿಮಿಷಕ್ಕೆ ಇಷ್ಟು ಪದ, ಪುಟಕ್ಕೆ ಇಷ್ಟು ತಪ್ಪು' ಅಂತ ಹಾಕಿ, ಅಂಕಿಯ ಜಾಗ ಖಾಲಿ ಬಿಟ್ಟಿದ್ದೇನೆ. ಕೈಯಲ್ಲಿ ಬರೆಯಬೇಕು. ಕೆಳಗೆ ನನ್ನ ಸಹಿಗೂ ಜಾಗ ಇಟ್ಟಿದ್ದೇನೆ, ಆದರೆ ಹುಡುಗ ನನ್ನ ಮುಂದೆ ಕೂತು ಟೈಪ್ ಮಾಡಿ ತೋರಿಸಿದ ಮೇಲೆ ಮಾತ್ರ ಹಾಕುವುದು. ಅಚ್ಚಿನ ಖರ್ಚು ನನ್ನದು.

ಪ್ರೂಫ್ ಹಿಂದಿನ ಸಾಲಿನವರೆಗೂ ಹೋಗಲಿ. ತಪ್ಪು ಕಂಡರೆ ಈಗಲೇ ಗುರುತು ಹಾಕಿ ಕೊಡಿ. ಪ್ಲೇಟ್ ಮಾಡಿಸಿದ ಮೇಲೆ ತಿದ್ದಿ ಅಂದರೆ ಆ ದುಡ್ಡು ನಿಮ್ಮ ಸಂಘದ ಲೆಕ್ಕಕ್ಕೇ!